ನಿಮಿಷಕ್ಕೆ ನಲವತ್ತು ಗ್ಯಾಲನ್

ಮೂರನೇ ಸಲವೂ ಪೀಪಾಯಿ ತುಂಬಲು ನಲವತ್ತೈದು ಸೆಕೆಂಡು ಹಿಡಿಯಿತು.

ಲೈಲ್ ಸ್ಟಾಪ್‌ವಾಚ್ ಒತ್ತಿ, ಕತ್ತು ಬಗ್ಗಿಸಿ ಕೆಳಗೆ ನೋಡಿದ. ಗೆಳೆಯ ಆರ್ವಿಡ್‌ನ ಬಲಗಾಲಿನ ಬೂಟು ರಬ್ಬರ್ ಪೈಪಿನ ಮೇಲಿತ್ತು. ಅಕಸ್ಮಾತ್ತಾಗಿ ಇಟ್ಟ ಹಾಗಿರಲಿಲ್ಲ. ಇಡೀ ಮೈಭಾರ ಬಿಟ್ಟು ನಿಂತಿದ್ದ.

“ಕಾಲು ತೆಗಿಯೋ.”

“ಯಾವ ಕಾಲು?”

“ನಿಂಗೆ ಎಷ್ಟಿದಾವೆ?”

ಆರ್ವಿಡ್ ಕಾಲು ತೆಗೆದ. ಪೈಪು ಉಬ್ಬಿತು. ನೀರು ಭೋರೆಂದು ನುಗ್ಗಿ, ತುಂಬಿದ ಪೀಪಾಯಿಯಿಂದ ಉಕ್ಕಿ ಇಬ್ಬರ ಪ್ಯಾಂಟನ್ನೂ ನೆನೆಸಿತು.

ನಲವತ್ತು ವರ್ಷ ಹಾಲಿನ ಟ್ಯಾಂಕರ್‌ಗಳ ಮೆಕ್ಯಾನಿಕ್ ಆಗಿದ್ದ ಆರ್ವಿಡ್, ಮಿನೆಸೋಟದ ಆ ಹುಲ್ಲಿನ ರನ್‌ವೇ ಪಕ್ಕದ ಶೆಡ್ಡಿನಲ್ಲಿ ಏಳು ವರ್ಷದಿಂದ ಒಂದು ವಿಮಾನ ಕಟ್ಟುತ್ತಿದ್ದ. ಒಂದೇ ಸೀಟಿನದು. ಎಂಜಿನ್ ಮಾತ್ರ ಹಳೆಯ ಕಾರಿನದು, ರೋಟರಿ. ಪಿಸ್ಟನ್ನುಗಳಿಲ್ಲ, ಮೂರು ಮೂಲೆಯ ರೋಟರು ಗಿರಗಿರ ತಿರುಗುತ್ತದೆ. ಗಾತ್ರ ಚಿಕ್ಕದು, ಕಸುವು ಜಾಸ್ತಿ, ಮೈ ಮಾತ್ರ ಬಲು ಬೇಗ ಕಾಯುತ್ತದೆ. ತಂಪು ಮಾಡುವ ನೀರು ಸಾಕಷ್ಟು ಹರಿಯದಿದ್ದರೆ ಮೇಲೇರುವಾಗಲೇ ಕುದ್ದು ನಿಂತುಬಿಡಬಹುದು.

ಅದಕ್ಕೇ ಈ ಪರೀಕ್ಷೆ. ಎಂಜಿನ್ ಎಷ್ಟು ವೇಗವಾಗಿ ತಿರುಗಿಸುತ್ತದೋ ಅಷ್ಟೇ ವೇಗದಲ್ಲಿ ಮೋಟಾರಿನಿಂದ ಪಂಪು ತಿರುಗಿಸುವುದು. ರೇಡಿಯೇಟರು ಹಾಯ್ದು ಬರುವ ನೀರನ್ನು ಇಪ್ಪತ್ತು ಗ್ಯಾಲನ್ನಿನ ಪೀಪಾಯಿಗೆ ಬಿಡುವುದು. ಮೂವತ್ತು ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ ನಲವತ್ತು. ಅಷ್ಟಿದ್ದರೆ ಭಯವಿಲ್ಲ. ಆರ್ವಿಡ್‌ನ ಪುಸ್ತಕದಲ್ಲಿ ಎರಡು ವರ್ಷದಿಂದ ಇಪ್ಪತ್ತೇಳೇ ಇತ್ತು. ತಪಾಸಣೆಯ ಅಧಿಕಾರಿ ಬಂದು, ಹಾರಿಸಬಹುದೆಂದು ಸಹಿ ಹಾಕಿ ಹೋಗಿ ಒಂದು ವರ್ಷವಾಗಿತ್ತು.

“ಹೆದರಿಕೆ ಅಂತ ನೇರವಾಗಿ ಹೇಳೋಕೇನು?” ಲೈಲ್ ಪ್ಯಾಂಟು ಹಿಂಡುತ್ತ ಕೇಳಿದ.

“ಹೆದರಿಕೆನೇ. ಕಟ್ಟೋಕೆ ಶುರು ಮಾಡ್ದಾಗ ಇದು ನಿಜಕ್ಕೂ ಹಾರೋ ಹಾಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?”

“ವರ್ನಾಗೆ ಹೇಳಲಾ?”

“ಬೇಡ ಮಾರಾಯ. ನಿನ್ನ ದಮ್ಮಯ್ಯ.”

ಹೇಳುವ ಅಗತ್ಯ ಬೀಳಲಿಲ್ಲ. ಆರ್ವಿಡ್‌ನ ಹೆಂಡತಿ ವರ್ನಾ ಕಾಫಿ ಫ್ಲಾಸ್ಕು ಹಿಡಿದು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದಳು. ಮೂವತ್ತು ವರ್ಷ ಸುತ್ತಲ ಮೆಕ್ಕೆಜೋಳದ ಹೊಲಗಳಿಗೆ ವಿಮಾನದಿಂದ ಔಷಧಿ ಹೊಡೆದು ನಿವೃತ್ತಳಾದವಳು, ಮಾತು ಕಡಿಮೆ. ಒದ್ದೆ ಪ್ಯಾಂಟುಗಳನ್ನು ನೋಡಿದಳು. ಪೈಪಿನ ಮೇಲಿನ ಬೂಟಿನ ಅಚ್ಚು ನೋಡಿದಳು.

“ಆ ಕುರ್ಚಿ ಮೇಲೆ ಕೂತ್ಕೋ,” ಅಂದಳು ಗಂಡನಿಗೆ. “ಕಾಲು ಎರಡೂ ಮೇಲಿರಲಿ.”

ಎಪ್ಪತ್ತೆರಡರ ಆರ್ವಿಡ್ ಚಕ್ಕಳಮಕ್ಕಳ ಹಾಕಿ ಕೂತ. ಲೈಲ್ ಪೀಪಾಯಿ ಖಾಲಿ ಮಾಡಿ ಪಂಪು ಚಾಲೂ ಮಾಡಿದ. ವರ್ನಾ ತಾನೇ ಸ್ಟಾಪ್‌ವಾಚ್ ಹಿಡಿದಳು. ನೀರು ಅಂಚು ಮುಟ್ಟಿತು.

“ಮೂವತ್ತು,” ಅಂದಳು. “ಈ ಬೇಸಿಗೆನೂ ಹೀಗೇ ಹೋದ್ರೆ ನಂಗೆ ಎಪ್ಪತ್ತಾಗುತ್ತೆ, ಆರ್ವಿಡ್.”

“ಲೆಕ್ಕ ಸರಿಯಾಗೇ ಇದೆ. ಮನಸ್ಸು ಕೇಳಲ್ಲ.”

“ಮನಸ್ಸನ್ನ ಯಾವ ಪೀಪಾಯೀಲಿ ಅಳೀತೀಯ?” ಅವಳು ಬಟ್ಟಲಿಗೆ ಕಾಫಿ ಬಗ್ಗಿಸಿ ಅವನ ಕೈಗಿಟ್ಟಳು. “ಭಾನುವಾರ ಬೆಳಿಗ್ಗೆ. ಗಾಳಿ ಕಡಿಮೆ ಇರುತ್ತೆ.”

ಆರ್ವಿಡ್ ಕಾಫಿ ಕುಡಿದ. ಆಮೇಲೆ ಮೂರು ದಿನ ಕೂತು ಪ್ರತಿಯೊಂದು ಪೈಪಿನ ಕ್ಲಿಪ್ಪನ್ನೂ ಬಿಚ್ಚಿ ಬಿಗಿದ.

ಭಾನುವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಆರ್ವಿಡ್ ಸೀಟಿನ ಪಟ್ಟಿ ಬಿಗಿದ. ಬಿಚ್ಚಿ ಮತ್ತೊಮ್ಮೆ ಬಿಗಿದ. ಲೈಲ್ ರೆಕ್ಕೆಯ ತುದಿ ತಟ್ಟಿ ದೂರ ಸರಿದ.

“ಇನ್ನೂ ಟೈಮಿದೆ ಕಣೋ,” ಅಂದ, ರೇಗಿಸಲು.

ಆರ್ವಿಡ್ ಪಟ್ಟಿಯನ್ನು ಇನ್ನೊಂದು ಸಲ ಎಳೆದು ನೋಡಿದ.

ವಿಮಾನ ಹುಲ್ಲಿನ ಮೇಲೆ ಕುಲುಕುತ್ತ ಓಡಿತು, ಹಗುರಾಯಿತು, ನೆಲ ಬಿಟ್ಟಿತು. ಐನೂರು ಅಡಿ. ಸಾವಿರ. ಮೇಲೇರುವಾಗಲೇ ಅಪಾಯ: ಎಂಜಿನ್ನಿಗೆ ಪೂರಾ ದುಡಿತ, ರೇಡಿಯೇಟರಿಗೆ ಕಡಿಮೆ ಗಾಳಿ. ಆರ್ವಿಡ್‌ನ ತಲೆಯಲ್ಲಿ ಆಗ ಇದ್ದದ್ದು ಒಂದೇ, ನೀರಿನ ಬಿಸಿ ತೋರಿಸುವ ಮುಳ್ಳು; ಅದು ಇನ್ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಬಾರದು. ಸದ್ದಿನಲ್ಲಿ ಒಂದು ಸಣ್ಣ ಬಿಕ್ಕು ಬಂದರೂ ಹಿಡಿಯುವಂತೆ ಕಿವಿ ನಿಗುರಿಸಿದ್ದ. ಉಸಿರು ಎದೆಯಲ್ಲೇ ಎಲ್ಲೋ ಸಿಕ್ಕಿಕೊಂಡಿತ್ತು. ಎರಡು ಸಾವಿರ ಅಡಿ.

ರೇಡಿಯೋ ಗರಗರ ಅಂದಿತು.

“ನೂರ ಎಂಬತ್ತು ಡಿಗ್ರಿ, ಮುಳ್ಳು ಅಲ್ಲಾಡ್ತಿಲ್ಲ,” ಅಂದಳು ವರ್ನಾ, ಮೇಲೆ ವಿಮಾನದೊಳಗಿಂದ. “ಆರ್ವಿಡ್, ಇನ್ನು ಉಸಿರು ಬಿಡು.”