ಬಂದ

ಹೆಣ ಒಯ್ದು ಎರಡು ತಾಸಾಗಿತ್ತು. ಕಾಫಿ ಮಷೀನು ಅಡಿಗೆಕಟ್ಟೆಯ ಮೇಲೇ ಇತ್ತು. ಅದರ ಹಿಂದಿನ ಗೋಡೆಯಲ್ಲಿ ಬಿಚ್ಚಿದ ಪ್ಲಗ್ಗು, ಕೆಳಗೆ ಸ್ಕ್ರೂಡ್ರೈವರ್.

ಇನ್‌ಸ್ಪೆಕ್ಟರ್ ಬಾಗಿಲ ಬಳಿಯ ಮೇನ್ ಸ್ವಿಚ್ಚಿನ ಹತ್ತಿರ ನಿಂತು ಮರಾಠಿಯಲ್ಲಿ ಮತ್ತೆ ಅದನ್ನೇ ಕೇಳಿದ. "'ಬಂದ' ಅಂದಿರಿ. ಹೌದಲ್ಲ?"

"ಅಂದೆ," ಎಂದಳು ಅನುಸೂಯಾ, ತಲೆ ಎತ್ತದೆ.

ಬೆಳಿಗ್ಗೆ ಮಷೀನು ಬಿಸಿಯಾಗಿರಲಿಲ್ಲ. ಅವಳ ಗಂಡ ಬಿಂದುಮಾಧವ ಚಾಕಣದಲ್ಲಿ ಎಂಜಿನಿಯರ್. ರಿಪೇರಿಗೆ ಯಾರನ್ನೂ ಕರೆಯುವವನಲ್ಲ. ಮೊದಲು ಹೆಂಡತಿಯನ್ನು ಬೈದ. "ಸಗಣಿ ಒಲಿ ಊದಿದಾಕಿ, ಇದನ್ನ ಯಾಕ ಮುಟ್ಟತಿ?" ಆಮೇಲೆ ನೀರು ನೋಡಿದ, ವಾಯರು ನೋಡಿದ. ಪಡಸಾಲೆಯ ಪ್ಲಗ್ಗಿಗೆ ಹಾಕಿದಾಗ ಮಷೀನು ಗೊರಗೊರ ಕುದಿಯಿತು. ಕೆಟ್ಟಿದ್ದು ಅಡಿಗೆಮನೆಯ ಪ್ಲಗ್ಗು. "ಬಿಸಿ ಆಗೇದೇನು ನೋಡು," ಎಂದು ಆ ಕಾಫಿಯನ್ನು ಅವಳ ಮುಂಗೈ ಮೇಲೆ ಸುರಿದು ನಕ್ಕ. ಸ್ಕ್ರೂಡ್ರೈವರ್ ಹಿಡಿದು ಅಡಿಗೆಮನೆಯ ಪ್ಲಗ್ಗು ಬಿಚ್ಚಲು ಹೋದ.

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಹಾಡುತ್ತಿದ್ದ ರೇಡಿಯೋ ಆರಿಸಿದಳು. ಮೇನ್ ಸ್ವಿಚ್ಚಿನ ಬಳಿ ಹೋಗಿ ನಿಂತಳು. ಚಳಿಗಾಲದ ಹಗಲು, ಕರೆಂಟು ಇದೆ ಎಂದು ತೋರಿಸಲು ಫ್ಯಾನೂ ಇಲ್ಲ, ದೀಪವೂ ಇಲ್ಲ.

"ಬಂದ ಕಾ?" ಒಳಗಿನಿಂದ ಅವನು ಮರಾಠಿಯಲ್ಲಿ ಕೂಗಿದ. ಆರಿಸಿದೆಯಾ ಎಂದು.

"ಬಂದ," ಎಂದಳು. ಎದುರುಮನೆಯ ಸುಲಭಾಳಿಗೂ ಅದು ಕೇಳಿಸಿತ್ತು. ಸ್ವಿಚ್ಚು ಮಾತ್ರ ಆರಿರಲಿಲ್ಲ.

"ಅವರು ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ ಸಾಹೇಬರೇ," ಎಂದಳು ಅನುಸೂಯಾ ಈಗ. "ಹೂವಿನ ಯಮನವ್ವ ಗೇಟಿನಲ್ಲಿ ಕಂಡಳು. ಅತ್ತೆಗೆ ಕೂಗಿ ಹೇಳಿದೆ, ನಮ್ಮ ಕನ್ನಡದಲ್ಲಿ."

ಅಲ್ಲೇ ನಿಂತಿದ್ದ ಯಮನವ್ವನೂ ಒಪ್ಪಿದಳು. ಮಾರ್ಕೆಟ್ ಯಾರ್ಡಿನಿಂದ ಹೂವು ತಂದು ಆಗಷ್ಟೇ ಗೇಟು ದಾಟಿದ್ದಳಂತೆ.

ಇನ್‌ಸ್ಪೆಕ್ಟರನ ಕಣ್ಣು ಅನುಸೂಯಾಳ ಬೊಬ್ಬೆ ಎದ್ದ ಮುಂಗೈ ಮೇಲಿತ್ತು. ಅವನು ಮೂಲೆಯಲ್ಲಿ ಕುಳಿತಿದ್ದ ರಂಗೂಬಾಯಿಯ ಕಡೆ ತಿರುಗಿದ.

"ಆಜಿ, ಸತ್ತವನು ನಿಮ್ಮ ಒಬ್ಬನೇ ಮಗ. ನೀವು ಸುಳ್ಳು ಹೇಳಲಾರಿರಿ. ನನಗೆ ಕನ್ನಡ ಬಾರದು. 'ಬಂದ' ಅಂದರೇನು?"

ಅನುಸೂಯಾ ಸೆರಗಿನಲ್ಲಿ ಮುಂಗೈ ಮುಚ್ಚಿಕೊಂಡಳು. ಗದಗಿನ ತವರೋ, ಯೆರವಡಾದ ಜೈಲೋ. ಮುದುಕಿಯ ಒಂದು ಮಾತು.

ರಂಗೂಬಾಯಿ ಸೊಸೆಯ ಮುಖ ನೋಡಿದಳು.

"'ಆಲೀ'," ಎಂದಳು ಮರಾಠಿಯಲ್ಲಿ, ಬಂದಳು ಎಂದು. "ಯಾರಾದರೂ ಬಂದರೆ ನಾವು ಹಾಗೇ ಅನ್ನೋದು."

ಭಾಷೆಯ ಗೊಂದಲ, ಆಕಸ್ಮಿಕ ಸಾವು ಎಂದು ಬರೆದುಕೊಂಡು ಅವನು ಟೋಪಿ ಹಾಕಿಕೊಂಡ. ಯಮನವ್ವ ಕಣ್ಣೊರೆಸಿಕೊಳ್ಳುತ್ತ ಹಿಂದೆಯೇ ಹೋದಳು.

ಅನುಸೂಯಾ ಅತ್ತೆಯ ಕಾಲಿಗೆ ಬಿದ್ದಳು. "ನಮ್ಮ ತಮ್ಮ ದತ್ತುಗ ತಾರು ಕೊಡಸ್ರಿ ಅತ್ತಿ. ದಿನಕರ್ಮ ಮುಗದ ಕೂಡ್ಲೇ ಅವನ ಜೋಡಿ ತವರಿಗೆ ಹೋಗಿಬಿಡ್ತೀನಿ. ನಿಮಗ ಭಾರ ಆಗೂದಿಲ್ಲ."

ರಂಗೂಬಾಯಿ ಮೆಲ್ಲಗೆ ಎದ್ದು ಬಾಗಿಲ ಚಿಲಕ ಹಾಕಿದಳು.

"ಯಮನವ್ವ ಹೆಣ್ಣುಮಗಳಲ್ಲೇನ? ಆಕಿ ಬಂದ್ರ 'ಬಂದ್ಳು' ಅಂತಾರ. 'ಬಂದ' ಅಂತ ನಮ್ಮ ಕಡೆ ಎರಡು ವರ್ಷದ ಕೂಸೂ ಅನ್ನೂದಿಲ್ಲ."

ಅನುಸೂಯಾ ನೆಲದ ಮೇಲಿಂದಲೇ ಚಿಲಕದ ಕಡೆ ನೋಡಿದಳು.

"ಯೆರವಡಾದಾಗ ಹದಿನಾಕು ವರ್ಷಕ್ಕ ಬಿಟ್ಟುಬಿಡ್ತಾರ," ಎಂದಳು ರಂಗೂಬಾಯಿ. "ನಾ ಬಿಡೂದಿಲ್ಲ. ಏಳು, ಕಾಫಿ ಮಾಡು."