ಚಂದ್ರನಿಂದ ಪುಂಜಾಲಕಟ್ಟೆ

ವರದಿಗಾರ ಧರ್ಣಪ್ಪ ಕೈ ಎತ್ತಿ ಎದ್ದು ನಿಂತದ್ದೇ ತಡ, ಪುಂಜಾಲಕಟ್ಟೆಯ ಮೈದಾನದಲ್ಲಿ ಚಪ್ಪಾಳೆ ಒಮ್ಮೆಲೇ ನಿಂತಿತು. ಅರವತ್ತೇಳರ ಚುನಾವಣೆಯ ಅಭ್ಯರ್ಥಿ ಆಗತಾನೆ, "ಇನ್ನು ಐದೇ ವರ್ಷ, ನಮ್ಮ ಈ ಗುಡ್ಡೆಯಿಂದಲೇ ಚಂದ್ರನಿಗೆ ರಾಕೆಟ್ ಹಾರ್ತದೆ" ಎಂದು ಸಾರಿದ್ದರು. ಈಗ ಮೈಕು ಹಿಡಿದೇ ಇವನತ್ತ ತಿರುಗಿದರು. "ಕೇಳಿ, ಪತ್ರಿಕೆಯವರೇ."

ಏನು ಕೇಳಬೇಕೆಂದು ಧರ್ಣಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಮಳೆಗಾಲದಲ್ಲಿ ಅಕ್ಕಿಯ ಲಾರಿಯೇ ಕೆಸರು ದಾಟದ ಊರಿಗೆ ರಾಕೆಟ್ ಹೇಗೆ ಬರುತ್ತದೆ? ಇದಕ್ಕೆ ದಿಲ್ಲಿಯಲ್ಲಿ ಒಪ್ಪಿದವರು ಯಾರು? ಪಕ್ಕದಲ್ಲಿ ಕುಳಿತಿದ್ದ ಮೂಡುಬಿದಿರೆಯ ವರದಿಗಾರ ಸುಬ್ಬಯ್ಯ ಅವನ ಮೊಣಕೈ ತಿವಿದು, "ಬಿಡಬೇಡ ಮಾರಾಯ, ಕೇಳು" ಎಂದ.

ಧರ್ಣಪ್ಪ ಪೆನ್ನಿನ ಕ್ಯಾಪು ತೆಗೆದ. ಅಷ್ಟರಲ್ಲಿ ಅವನ ಕಣ್ಣು ಆ ಗುಡ್ಡೆಯ ಮೇಲೆ ಬಿತ್ತು. ದನ ಮೇಯುತ್ತಿದ್ದ ಅದರ ಬೋಳು ನೆತ್ತಿಯಿಂದ ಬೆಂಕಿ ಉಗುಳುತ್ತ ರಾಕೆಟ್ಟೊಂದು ಮೇಲೇಳುವುದು ಕಣ್ಣಿಗೆ ಕಟ್ಟಿತು. ಮೈ ಜುಮ್ಮೆಂದಿತು.

"ಸ್ವಾಮೀ, ಚಂದ್ರನಲ್ಲಿಂದ ನೋಡಿದ್ರೆ ನಮ್ಮ ಪುಂಜಾಲಕಟ್ಟೆ ಕಾಣ್ತದಾ?"

"ಕಾಣದೆ ಉಂಟಾ" ಎಂದರು ಅಭ್ಯರ್ಥಿ.

ಧರ್ಣಪ್ಪ ಅದನ್ನು ಗಡಿಬಿಡಿಯಲ್ಲಿ ಬರೆದುಕೊಂಡ. ಓರೆಗಣ್ಣಿನಲ್ಲಿ ನೋಡಿದರೆ, ಸುಬ್ಬಯ್ಯನೂ ಬರೆದುಕೊಳ್ಳುತ್ತಿದ್ದ.