ಅಕ್ಕನ ಸರದಿ

ಬ್ಯಾಂಕು ಮುಳುಗುತ್ತಿದೆಯಂತೆ ಎಂಬ ಮಾತು ಬೆಳಗಿನ ಕಾಫಿ ಆರುವ ಮೊದಲೇ ಊರೆಲ್ಲ ಹಬ್ಬಿತ್ತು. ಮುಖ್ಯ ಶಾಖೆಯ ಬಾಗಿಲು ತೆಗೆಯುವ ಹೊತ್ತಿಗೆ ಸಾಲು ಮೆಟ್ಟಿಲಿಳಿದು, ಔಷಧದ ಅಂಗಡಿ ದಾಟಿ, ಬಸ್ ನಿಲ್ದಾಣದವರೆಗೆ ಬೆಳೆದಿತ್ತು. ಯಾರು ಹೇಳಿದ್ದು ಎಂದು ಕೇಳಿದರೆ ಪ್ರತಿಯೊಬ್ಬರೂ ಪಕ್ಕದವರತ್ತ ಕೈ ತೋರಿಸುತ್ತಿದ್ದರು.

ಮೇಲಿನ ಮಹಡಿಯಲ್ಲಿ ವಲಯದ ಮುಖ್ಯಸ್ಥೆ ಕಿಟಕಿಯಿಂದ ಈ ಸಾಲನ್ನು ನೋಡುತ್ತಲೇ ಬ್ಯಾಂಕಿನ ಅಧ್ಯಕ್ಷರ ಫೋನು ಕರೆ ತೆಗೆದುಕೊಂಡರು. ಕಂಪ್ಯೂಟರ್ ಕೆಟ್ಟಿದೆ ಎಂದು ಬೋರ್ಡು ತೂಗುಹಾಕಿ, ಶಟರ್ ಎಳೆಸಿಬಿಡಿ, ನಾಲ್ಕು ದಿನ ಕಳೆದರೆ ಗದ್ದಲ ತಾನಾಗಿ ತಣ್ಣಗಾಗುತ್ತದೆ ಎಂದರು ಅಧ್ಯಕ್ಷರು.

"ಇವತ್ತು ಎಳೆದ ಶಟರ್ ಮತ್ತೆ ಮೇಲೇಳಲ್ಲ ಸರ್," ಎಂದರು ಆಕೆ. "ನೀವು ನೋಟಿನ ಗಾಡಿ ಕಳಿಸಿ. ಬಾಗಿಲು ನಾನು ನೋಡ್ಕೋತೀನಿ."

ಹಾಗೆ ಹೇಳುವ ಹಕ್ಕು ಅವರಿಗಿತ್ತು. ಇದೇ ಕಟ್ಟಡದ ಕೆಳಗಿನ ಹಜಾರದಲ್ಲಿ, ಕಾಲು ನೆಲಕ್ಕೆ ತಾಕದಷ್ಟು ಎತ್ತರದ ಸ್ಟೂಲಿನ ಮೇಲೆ, ಗುಮಾಸ್ತೆಯಾಗಿ ಕೂತವರು ಅವರು. ಆಮೇಲೆ ಆಫೀಸರ್, ಮ್ಯಾನೇಜರ್ ಎಂದು ಒಂದೊಂದೇ ಮೆಟ್ಟಿಲು ಹತ್ತಿದ್ದರು. ಎಲ್ಲಿಗೆ ವರ್ಗ ಮಾಡಿದರೂ ಗೊಣಗದೆ ಪೆಟ್ಟಿಗೆ ಕಟ್ಟಿದ್ದರು. ಗೊಣಗುವ ಕೆಲಸ ಗಂಡನದು. ಬ್ಯಾಂಕು ಇವಳ ಮೊದಲ ಗಂಡ, ನಾನು ಏನಿದ್ದರೂ ಎರಡನೆಯ ಸಂಬಂಧ ಎಂದು ಆತ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದ. ಮುಂದಿನ ತಿಂಗಳು ನಿವೃತ್ತಿ. ಬೀಳ್ಕೊಡುಗೆಗೆ ಸಭಾಂಗಣವನ್ನೂ ಗೊತ್ತುಮಾಡಿಯಾಗಿತ್ತು. ಹಿಂದಿನ ಗೇಟಿನಿಂದ ಕಾರು ಹತ್ತಿ ಹೋಗಿದ್ದರೆ ಯಾರೂ ತಪ್ಪು ಎಣಿಸುತ್ತಿರಲಿಲ್ಲ.

ಅವರು ತಮ್ಮ ಮೇಜು, ಕುರ್ಚಿಗಳನ್ನು ಕೆಳಗೆ ತರಿಸಿ, ಬಾಗಿಲಿಗೆ ಎದುರಾಗಿ ಹಾಕಿಸಿಕೊಂಡು ಕೂತರು. ಬಾಗಿಲಿನ ಎರಡೂ ರೆಕ್ಕೆ ತೆಗೆಸಿದರು. ವಯಸ್ಸಾದವರಿಗೆ ಕುರ್ಚಿ ಹಾಕಿಸಿ, ಲೆಕ್ಕಪತ್ರ ವಿಭಾಗದವರನ್ನೂ ಕೌಂಟರಿಗೆ ಕೂರಿಸಿದರು. ನೀವು ಕೇಳಿದ ಸುದ್ದಿ ಸುಳ್ಳು, ಆದರೂ ಹಣ ಬೇಕು ಅನ್ನುವವರಿಗೆ ಈವತ್ತೇ ಸಿಗುತ್ತದೆ, ಹೊತ್ತಿಗೆ ಮುಂಚೆ ಬಾಗಿಲು ಹಾಕುವುದಿಲ್ಲ ಎಂದು ಎದ್ದುನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು. ಕೆಲವರು ತಲೆಯಾಡಿಸಿದರು. ಸಾಲು ಮಾತ್ರ ಕದಲಲಿಲ್ಲ.

ಮತ್ತೆ ಕೂರುವಾಗ, ಸಾಲಿನಲ್ಲಿ ನಿಂತ ಅಕ್ಕ ಕಣ್ಣಿಗೆ ಬಿದ್ದಳು.

ತಂದೆ ಹೋದ ಮೇಲೆ ಹೊಲಿಗೆ ಯಂತ್ರ ತುಳಿದು ತಂಗಿಯನ್ನು ಓದಿಸಿದ ಅಕ್ಕ. ಇಂದಿಗೂ ಪೇಟೆಯಲ್ಲಿ ಅವಳ ಟೈಲರ್ ಅಂಗಡಿ ಇತ್ತು. ಅರ್ಧ ಊರಿನ ಅಳತೆ ಅವಳಿಗೆ ಬಾಯಿಪಾಠ. ಹಾಗಾಗಿ ಇವಳು ಯಾರ ಅಕ್ಕ ಎಂಬುದು ಸಾಲಿಗೆಲ್ಲ ಗೊತ್ತು. ಅವಳು ಕೈಚೀಲವನ್ನು ಎದೆಗವುಚಿಕೊಂಡು, ಗೋಡೆಯ ಗಡಿಯಾರದಲ್ಲಿ ಏನೋ ಬರೆದಿದೆ ಎಂಬಂತೆ ಅದನ್ನೇ ನೋಡುತ್ತಿದ್ದಳು.

ಮುಖ್ಯಸ್ಥೆ ಒಂದು ಸನ್ನೆ ಮಾಡಿದ್ದರೆ ಸಾಕಿತ್ತು, ಅಕ್ಕ ಮನೆಗೆ ಹೋಗುತ್ತಿದ್ದಳು. ಅವರು ಮಾಡಲಿಲ್ಲ. ಎದುರಿಗಿದ್ದ ಕಾಗದಕ್ಕೆ ಸಹಿ ಹಾಕಿ ಮುಂದಿನದನ್ನು ಎಳೆದುಕೊಂಡರು.

ಅಕ್ಕನ ಸರದಿ ಬಂದಾಗ ಕ್ಯಾಷಿಯರ್ ಕೈ ನಿಲ್ಲಿಸಿ, ಏನು ಮಾಡಲಿ ಎಂಬಂತೆ ಮೇಜಿನತ್ತ ತಿರುಗಿದ. ಸಾಲಿನವರೂ ಅತ್ತಲೇ ಕತ್ತು ಚಾಚಿದರು.

"ನನ್ನ ಮುಖ ಯಾಕೆ ನೋಡ್ತೀರಿ?" ಎಂದರು ಮುಖ್ಯಸ್ಥೆ. "ಅವರ ಸರದಿ ಬಂದಿದೆ, ಕೊಡಿ."

ಹಣ ಕೈಚೀಲಕ್ಕಿಳಿಯಿತು. ಸ್ವಂತ ಅಕ್ಕನೇ ತೆಗೆದುಕೊಂಡಳು ಎಂದಮೇಲೆ ನಮ್ಮ ಗತಿಯೇನು ಎಂದು ಹಿಂದಿನಿಂದ ಯಾರೋ ಗುಸುಗುಸು ಮಾಡಿದರು. ಆ ಮಾತು ಬಾಗಿಲವರೆಗೆ ಹರಿಯುವಷ್ಟರಲ್ಲಿ, ಸಾಲಿನ ನಡುವೆ ನಿಂತಿದ್ದ ಬೇಕರಿಯವನು ತಿರುಗಿದ.

"ತಗೊಂಡ್ರು ಅಂತ ಯಾಕೆ ನೋಡ್ತೀರಿ? ಕೊಟ್ರಲ್ಲ, ಅದನ್ನ ನೋಡಿ. ಈಯಮ್ಮ ಮನಸ್ಸು ಮಾಡಿದ್ರೆ ಅಕ್ಕನ್ನ ಕಣ್ಣಲ್ಲೇ ತಡೀಬಹುದಿತ್ತು."

ಅಷ್ಟು ಹೇಳಿ ಅವನು ತನ್ನ ಪಾಸ್‌ಬುಕ್ಕನ್ನು ಜೇಬಿಗೆ ತುರುಕಿಕೊಂಡು, ಒಲೆಯಲ್ಲಿ ಬ್ರೆಡ್ಡಿಟ್ಟು ಬಂದಿದ್ದೇನೆ ಎಂದು ಹೊರಟೇಬಿಟ್ಟ. ಅವನ ಹಿಂದಿದ್ದ ದಂಪತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಮೇಜಿನ ಹಿಂದೆ ಬೆನ್ನು ನೆಟ್ಟಗೆ ಮಾಡಿ ಕೂತವರನ್ನು ನೋಡಿದರು, ಸಾಲು ಬಿಟ್ಟರು. ಎಲ್ಲರೂ ಹೋದರೆಂದಲ್ಲ. ಕೇಳಿದವರಿಗೆ ಕೇಳಿದಷ್ಟು ಕೊಟ್ಟರು. ಮಧ್ಯಾಹ್ನ ಗಾಡಿ ಬಂದಾಗ ಸಾಲು ಮೆಟ್ಟಿಲವರೆಗೆ ಕುಗ್ಗಿತ್ತು. ಬಾಗಿಲು ಹಾಕುವ ಹೊತ್ತಿಗೆ ಸಾಲೇ ಇರಲಿಲ್ಲ. ಅಧ್ಯಕ್ಷರು ಮತ್ತೆ ಫೋನು ಮಾಡಿ, ಈ ಸಲ ಮೆಲುದನಿಯಲ್ಲಿ, ನೀವಿಲ್ಲದಿದ್ದರೆ ನಾಳೆಗೆ ಬ್ಯಾಂಕೇ ಇರುತ್ತಿರಲಿಲ್ಲ ಎಂದರು. ಕಾವಲುಗಾರ ಶಟರಿಗೆ ಕೈ ಹಾಕುವ ಮುನ್ನ ಅವರತ್ತ ತಿರುಗಿ ಸೆಲ್ಯೂಟ್ ಹೊಡೆದ. ದಿನವೂ ಹೊಡೆಯುವ ಸೆಲ್ಯೂಟೇ, ಇಂದು ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

ಅಕ್ಕ ಮಾತ್ರ ಹಣವನ್ನು ವಾಪಸು ಕಟ್ಟಲೂ ಇಲ್ಲ, ಮನೆಗೆ ಹೋಗಲೂ ಇಲ್ಲ. ಇಡೀ ದಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೇ ಕೂತಿದ್ದಳು. ಈಗ ಎದ್ದು ಮೇಜಿನ ಹತ್ತಿರ ಬಂದಳು.

"ನಿನ್ನ ಮೇಲೆ ನಂಗೆ ಯಾವತ್ತೂ ಅನುಮಾನ ಇಲ್ಲ ಕಣೇ ಪುಟ್ಟಿ. ಬ್ಯಾಂಕಿನ ಮೇಲೆ ಬಂತು, ಅಷ್ಟೇ."

ತಂಗಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಬೆಳಗಿನಿಂದ ಮೊದಲ ಬಾರಿಗೆ ನಕ್ಕರು.

"ಅವೆರಡೂ ಬೇರೆ ಬೇರೆ ಅಂದ್ಕೊಂಡವಳು ಈ ಊರಲ್ಲಿ ನೀನೊಬ್ಬಳೇ ಅಕ್ಕ."